ಇಲಿ ಹಾಕಿದ ಗಂಟು

ದೌಲತರಾಯನ ಮನೆಯಲ್ಲಿ ಮಾಟಮಂತ್ರ ನಡೆಯುವುದಿಲ್ಲ ಎಂಬುದು ಸರಸಂಬಾದ ನಾಯಿಗಳಿಗೂ ಗೊತ್ತಿತ್ತು. ದೌಲತರಾಯ ಅದನ್ನು ಅಷ್ಟು ಸಲ, ಅಷ್ಟು ಗಟ್ಟಿಯಾಗಿ ಹೇಳಿದ್ದ. ಬಟ್ಟೆಗೆ ಕಂಟ್ರೋಲು ಬಂದ ವರ್ಷ ಆಳಂದದಲ್ಲಿ ಮೂಢನಂಬಿಕೆಯ ವಿರುದ್ಧ ಒಂದು ಸಭೆ ನಡೆಯಿತು. ಭಾನಾಮತಿ ಎಂಬುದು ಹೆಂಗಸರ ಹುಚ್ಚು, ಗಂಡಸರ ಹೇಡಿತನ ಎಂದು ಅಲ್ಲಿ ಅರ್ಧ ತಾಸು ಭಾಷಣ ಮಾಡಿ, ಕೊರಳಿಗೆ ಹಾರ ಹಾಕಿಸಿಕೊಂಡು ಬಂದ. ಬಂದವನು ಆ ಹಾರವನ್ನು ಪಡಸಾಲೆಯ ಗೂಟಕ್ಕೆ ತೂಗುಹಾಕಿದ. ಹೂ ಒಣಗಿ ಉದುರಿ, ಬರಿಯ ದಾರ ಉಳಿದರೂ ಅದನ್ನು ತೆಗೆಯಲು ಯಾರಿಗೂ ಅಪ್ಪಣೆ ಇರಲಿಲ್ಲ.

“ಇನ್ನ ಮುಂದ ಈ ಮನ್ಯಾಗ ಲಿಂಬಿಹಣ್ಣ ಉಪ್ಪಿನಕಾಯಿಗಷ್ಟ. ತಿಳೀತಿಲ್ಲೋ?” ಎಂದ, ರೊಟ್ಟಿ ಮುರಿಯುತ್ತ.

“ಯಾರಿಗಿ ಹೇಳಾಕತ್ತೀರಿ? ನಮ್ಮನ್ಯಾಗ ಅಂಥಾದ್ದೆಲ್ಲಾ ಮಾಡೋರು ಯಾರದಾರ?” ಎಂದಳು ಹೆಂಡತಿ ಗಂಗಾಬಾಯಿ. ಆ ಮಾತಾಡಿದವಳ ಕೈಗೆ ಇನ್ನೂ ಮೆಣಸಿನಕಾಯಿ ಸುಟ್ಟ ವಾಸನೆ ಇತ್ತು. ಮುಂಜಾನೆಯೇ ಕೊಟ್ಟಿಗೆಯ ಹಿಂದೆ ಎಮ್ಮೆಗೆ ದೃಷ್ಟಿ ತೆಗೆದು ಬಂದಿದ್ದಳು. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ ಎಂಬ ಗಾದೆಯನ್ನು ಈ ಗಂಡಹೆಂಡಿರನ್ನು ನೋಡಿಯೇ ಯಾರೋ ಕಟ್ಟಿರಬೇಕು.

ಒಲೆಯ ಮುಂದೆ ರೊಟ್ಟಿ ಬಡಿಯುತ್ತ ಕುಳಿತಿದ್ದ ನಿಂಬೆವ್ವ ಇಬ್ಬರ ಮಾತನ್ನೂ ಕೇಳಿದಳು, ತಲೆ ಎತ್ತಲಿಲ್ಲ. ಅವಳು ದೌಲತರಾಯನ ತಂಗಿ. ಅಫಜಲಪುರದಲ್ಲಿ ಗಂಡ ಸತ್ತ ಮೇಲೆ ಒಂದು ಗಂಟು ಬಟ್ಟೆ ಹಿಡಿದು ಅಣ್ಣನ ಮನೆಗೆ ಬಂದು ಹನ್ನೊಂದು ವರ್ಷವಾಗಿತ್ತು. ಆ ಗಂಟಿನಲ್ಲಿ ಎರಡು ಸೀರೆ ಇದ್ದವು, ಒಂದು ಕೌದಿ ಇತ್ತು. ಕಣ್ಣಿಗೆ ಕಾಣದ್ದು ಇನ್ನೊಂದಿತ್ತು: ಅತ್ತೆ ಕಲಿಸಿದ ವಿದ್ಯೆ.

ಅತ್ತೆಯದು ಕಟ್ಟುವ ವಿದ್ಯೆ. ಕೂದಲು, ಬೂದಿ, ನಾಲ್ಕು ಕಾಳು ಜೋಳ, ಕರಿದಾರ, ಹೀಗೆ ಮನೆಯಲ್ಲೇ ಸಿಗುವ ಸಾಮಾನು. ಮುರಿಯುವುದನ್ನು ಕಟ್ಟಿ ನಿಲ್ಲಿಸಬೇಕು, ಯಾರ ಕೇಡಿಗೂ ಗಂಟು ಹಾಕಬಾರದು. ಅದಕ್ಕೆ ಕಾಸು ಮುಟ್ಟಬಾರದು. ಮತ್ತು ಯಾರಿಗೂ ಹೇಳಬಾರದು. ಈ ಕೊನೆಯದು ಬೇರೆಯವರಿಗೆ ಕಷ್ಟವಾದೀತು, ನಿಂಬೆವ್ವನಿಗೆ ಸುಲಭವಾಯಿತು. ಆ ಮನೆಯಲ್ಲಿ ‘ರೊಟ್ಟಿ ಆತೇನು’ ಎಂಬುದೊಂದನ್ನು ಬಿಟ್ಟು ಅವಳನ್ನು ಯಾರೂ ಏನೂ ಕೇಳುತ್ತಿರಲಿಲ್ಲ.

ಅವಳ ಕೆಲಸವೆಲ್ಲ ಹಾಡಹಗಲೇ ನಡೆಯುತ್ತಿತ್ತು. ಹಡಪದವನು ಬಂದು ಗಂಡಸರ ಕ್ಷೌರ ಮಾಡಿ ಹೋದ ಮೇಲೆ ಅಂಗಳ ಗುಡಿಸುವವಳು ಅವಳೇ. ಒಲೆಯ ಬೂದಿ ತೆಗೆಯುವವಳು ಅವಳೇ. ಹರಿದ ಕೌದಿಗೆ ತೇಪೆ ಹಾಕುವವಳೂ ಅವಳೇ. ನಮ್ಮ ಕಡೆ ಕೌದಿ ಹೊಲಿದು ಮುಗಿಸುವಾಗ ಕೊನೆಯ ಮೂಲೆಯೊಳಗೆ ಒಂದು ಚೂರು ರೊಟ್ಟಿ ಇಟ್ಟು ಮುಚ್ಚುತ್ತಾರೆ, ಹಸಿದ ಕೌದಿ ಹೊದ್ದವರಿಗೆ ನಿದ್ದೆ ಕೊಡುವುದಿಲ್ಲವಂತೆ. ನಿಂಬೆವ್ವ ಆ ಮೂಲೆಯನ್ನೇ ಬಿಚ್ಚಿ, ರೊಟ್ಟಿಯ ಪಕ್ಕದಲ್ಲಿ ತನ್ನ ಗಂಟು ಇಟ್ಟು, ಮತ್ತೆ ಹೊಲಿಯುತ್ತಿದ್ದಳು. ನಂಬಿ ಬೊಬ್ಬೆ ಹೊಡೆಯುವವರನ್ನು ಕಂಡರೂ ಅವಳಿಗೆ ತಾತ್ಸಾರ, ನಂಬುವುದಿಲ್ಲವೆಂದು ಬೊಬ್ಬೆ ಹೊಡೆಯುವವರನ್ನು ಕಂಡರೂ ತಾತ್ಸಾರ. ಇಬ್ಬರಿಗೂ ರೊಟ್ಟಿ ಬಡಿದು ಹಾಕುತ್ತಿದ್ದಳು.

ಆ ವರ್ಷ ಮುರಿಯಲು ಹೊರಟದ್ದು ಮನೆಯೇ. ದೌಲತರಾಯನಿಗೆ ಇಬ್ಬರು ಗಂಡುಮಕ್ಕಳು. ಹಿರಿಯ ಚಂದ್ರಾಮಪ್ಪ ಅಪ್ಪನ ಜೊತೆ ಪಡಸಾಲೆಯಲ್ಲಿ ಕುಳಿತು ಕೆನೆಮೊಸರು ಉಣ್ಣುವವನು. ಅವನ ಹೆಂಡತಿ ಬಾಣಂತನಕ್ಕೆಂದು ಅಫಜಲಪುರದ ತವರಿಗೆ ಹೋದವಳು ಇನ್ನೂ ಬಂದಿರಲಿಲ್ಲ. ಕಿರಿಯ ಅಮೋಘಸಿದ್ದ ಎತ್ತುಗಳ ಹಿಂದೆ ಹೊತ್ತು ಕಳೆದು ಬಂದು ಮಜ್ಜಿಗೆ ಕುಡಿಯುವವನು. ಅವನ ಹೆಂಡತಿ ಹಣಮವ್ವ ಜೇವರ್ಗಿ ಕಡೆಯ ಇಜೇರಿಯವಳು. ಬಂದು ಮೂರು ವರ್ಷವಾದರೂ ಮಕ್ಕಳಾಗಿಲ್ಲ ಎಂದು ಗಂಗಾಬಾಯಿ ದಿನಕ್ಕೆ ಮೂರು ಸಲ ಅವಳಿಗೆ ನೆನಪು ಮಾಡಿಕೊಡುತ್ತಿದ್ದಳು.

ಕಂಟ್ರೋಲಿನಲ್ಲಿ ಮನೆಗೆ ಒಂದು ಧೋತರ ಸಿಕ್ಕಿತು. ಅದು ಚಂದ್ರಾಮಪ್ಪನ ಪಾಲಾಯಿತು.

“ಅಂವಾ ಪ್ಯಾಟಿಗಿ ಹೋಗಾಂವ,” ಎಂದಳು ಗಂಗಾಬಾಯಿ.

“ನಾ ಎತ್ತಿನ ಹಿಂದ ಹೋಗಾಂವ. ಎತ್ತಿಗಿ ನಾಚಿಕಿಲ್ಲಲ್ಲ, ಬತ್ತಲೆ ಹೋಗ್ತೇನಿ ಬಿಡು!” ಅಮೋಘಸಿದ್ದ ಗಂಗಾಳ ತಳ್ಳಿದ. “ಯವ್ವಾ, ನನಗ ಬ್ಯಾರೆ ಒಲಿ ಹಾಕಿ ಕೊಡ್ರಿ. ನನ್ನ ಗಂಜಿ ನಾ ಕುಡೀತೇನಿ.”

“ನಾ ಬದುಕಿರೂತನಕ ಈ ಮನ್ಯಾಗ ಎಲ್ಡ ಒಲಿ ಉರಿಯೂದಿಲ್ಲ,” ಎಂದು ದೌಲತರಾಯ ಅಪ್ಪಣೆ ಕೊಟ್ಟ. ಅಪ್ಪಣೆ ಕೊಡುವುದರಲ್ಲಿ ಅವನು ಎಂದೂ ಕೈ ಬಿಗಿ ಹಿಡಿದವನಲ್ಲ.

ಆ ವಾರ ಹಡಪದವನು ಬಂದು ಹೋದ ಮೇಲೆ ನಿಂಬೆವ್ವ ಅಂಗಳ ಗುಡಿಸಿದಳು. ಚಂದ್ರಾಮಪ್ಪನದು ಕೆಂಚುಗೂದಲು, ಅಮೋಘಸಿದ್ದನದು ಕಪ್ಪು. ಎರಡನ್ನೂ ಸೇರಿಸಿ ಕರಿದಾರದಿಂದ ಏಳು ಗಂಟು ಹಾಕಿ, ಅಮೋಘಸಿದ್ದ ಹೊದೆಯುವ ಕೌದಿಯ ಮೂಲೆಯಲ್ಲಿಟ್ಟು ಹೊಲಿದಳು. ಮನೆ ಒಂದೇ ಒಲೆಯಲ್ಲಿ ನಿಂತರೆ ಸಾಕು ಎಂಬುದಷ್ಟೇ ಅವಳ ಆಸೆ. ಒಡೆದ ಮನೆಯಲ್ಲಿ ಗಂಡ ಸತ್ತ ತಂಗಿಗೆ ಯಾವ ಒಲೆಯ ಮುಂದೆಯೂ ಜಾಗ ಇರುವುದಿಲ್ಲ. ಆ ಕೌದಿ ಹಣಮವ್ವ ಇಜೇರಿಯಿಂದ ತಂದದ್ದು. ನಿಂಬೆವ್ವ ಆ ಕ್ಷಣ ಅದೊಂದನ್ನು ಲೆಕ್ಕಕ್ಕೆ ಹಿಡಿಯಲಿಲ್ಲ.

ಮಹಾನವಮಿಗೆ ಇನ್ನೂ ಎಂಟು ದಿನ ಇರುವಾಗ ಊರಿನ ಹೆಂಗಸರೆಲ್ಲ ಕೌದಿ ಒಗೆಯಲು ಹಳ್ಳಕ್ಕೆ ಇಳಿದರು. ನೀರು ಕುಡಿದ ಕೌದಿ ಹೆಣದಷ್ಟು ಭಾರ. ಒಬ್ಬಳು ಹಿಡಿದು ಇನ್ನೊಬ್ಬಳು ತುಳಿದು ಬಂಡೆಗೆ ಬಡಿಯಬೇಕು. ಹಣಮವ್ವ ಚಿಕ್ಕವಳು, ಜೋರಾಗಿ ಬಡಿದಳು. ಮೂರನೆಯ ಏಟಿಗೆ ಮೂಲೆ ಬಿರಿದು, ನೆನೆದ ರೊಟ್ಟಿಯ ಜೊತೆಗೆ ಕೂದಲಿನ ಗಂಟು ಬಂಡೆಯ ಮೇಲೆ ಬಿತ್ತು.

“ಅಯ್ಯಯ್ಯೋ, ನನ್ನ ಚಂದ್ರಾಮನ ಕೂದಲಾ!” ಗಂಗಾಬಾಯಿ ಎದೆ ಬಡಿದುಕೊಂಡಳು. “ಭಾನಾಮತಿ! ಇಜೇರಿಯಾಕಿ ನನ್ನ ಮಗನ ಮ್ಯಾಲ ಭಾನಾಮತಿ ಮಾಡ್ಯಾಳ್ರವ್ವೋ!”

ಹಳ್ಳದುದ್ದಕ್ಕೂ ಬಡಿಯುವ ಸದ್ದು ನಿಂತಿತು. ಹಣಮವ್ವ ಕೈಯಲ್ಲಿ ಕೌದಿ ಹಿಡಿದುಕೊಂಡೇ, “ನಂಗ ಗೊತ್ತಿಲ್ಲತ್ತಿ, ದೇವರಾಣಿ ಗೊತ್ತಿಲ್ಲ,” ಎಂದಳು. ಕೇಳುವವರು ಯಾರು? ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಊರು ಅದು. ಹೊತ್ತು ನೆತ್ತಿಗೆ ಬರುವುದರೊಳಗೆ ಹಣಮವ್ವ ಗಂಡನ ಅಣ್ಣನನ್ನು ಕೊಲ್ಲಲು ಹೊರಟವಳಾಗಿದ್ದಳು. ಹೊತ್ತು ಮುಳುಗುವುದರೊಳಗೆ ಹಿಂದಿನ ವರ್ಷ ಊರಲ್ಲಿ ಸತ್ತ ಮೂರು ಕರುಗಳೂ ಅವಳ ಲೆಕ್ಕಕ್ಕೇ ಬಂದವು.

ಬಿರಿದ ಮೂಲೆಯನ್ನು ಹತ್ತಿರದಿಂದ ನೋಡಿದವಳು ಒಬ್ಬಳೇ, ಪಿಂಜಾರರ ಕುಲಸುಮಬಿ. ಗಂಡ ಹತ್ತಿ ಹಿಂಜಿದರೆ ಗಾದಿ ಹೊಲಿಯುವವಳು ಅವಳು. ಮರುದಿನ ಬಾವಿಯ ಹತ್ತಿರ ನಿಂಬೆವ್ವನ ಪಕ್ಕದಲ್ಲಿ ಕೊಡ ಇಟ್ಟಳು.

“ನಿಂಬವ್ವಾ, ಆ ಮೂಲಿ ಹೊಲಿಗಿ ಇಜೇರಿಯೋರದಲ್ಲ. ಅದು ಎಡಗೈ ಹೊಲಿಗಿ.”

ನಿಂಬೆವ್ವ ಹಗ್ಗ ಬಿಡುತ್ತಲೇ ಇದ್ದಳು. ಎಡಗೈಯಲ್ಲಿ.

“ನಾ ಯಾರ ಮುಂದನೂ ಅನ್ನಾಂಗಿಲ್ಲ,” ಎಂದಳು ಕುಲಸುಮಬಿ. “ನಿನ್ನ ದಿಲ್‌ನಾಗ ಏನದನೋ ಅದು ನಿಂದು. ಆದ್ರ ಆ ಪೋರಿ ಮಾರಿ ಒಂದಸಲ ನೋಡು.”

ನೋಡಬೇಕಾಗಿರಲಿಲ್ಲ, ದಿನವೂ ಕಣ್ಣೆದುರಿಗೇ ಇತ್ತು. ಹಣಮವ್ವನಿಗೆ ಅಡಿಗೆಮನೆ ಬಂದ್ ಆಗಿತ್ತು. ಅವಳ ರೊಟ್ಟಿಯನ್ನು ಹೊಸ್ತಿಲಾಚೆಯಿಂದ ಸರಿಸುತ್ತಿದ್ದರು. ಅವಳು ಅದನ್ನು ಉಪ್ಪಿಗೂ ಕೈ ಚಾಚದೆ ತಿನ್ನುತ್ತಿದ್ದಳು.

ಇತ್ತ ದೌಲತರಾಯನಿಗೆ ಪೇಚಾಟ. ಭಾನಾಮತಿ ಇಲ್ಲವೆಂದು ಹಾರ ಹಾಕಿಸಿಕೊಂಡವನ ಮನೆಯಲ್ಲೇ ಭಾನಾಮತಿ! ಮೂರು ದಿನ ಯೋಚಿಸಿ ಒಂದು ದಾರಿ ಕಂಡುಹಿಡಿದ.

“ನಾ ನಂಬಂಗಿಲ್ಲ. ಆದ್ರ ಹೆಣ್ಣಮಕ್ಕಳ ಸಮಾಧಾನಕ್ಕ ಒಂದೀಟ ನೋಡಿಸಿದ್ರ ತಪ್ಪಿಲ್ಲ,” ಎಂದು ಕಡಗಂಚಿ ಕಡೆಯ ಮಂತ್ರಗಾರ ನಾಗಣ್ಣನಿಗೆ ಹೇಳಿ ಕಳಿಸಿದ. ನಾಗಣ್ಣ ಹಿತ್ತಲ ಬಾಗಿಲಿನಿಂದ ಬಂದ. ತುಂಬಿದ ಗಂಗಾಳದಲ್ಲಿ ಲಿಂಬೆಹಣ್ಣು ಬಿಟ್ಟ, ಕಣ್ಣು ಮೇಲೆ ಮಾಡಿದ, ಲಿಂಬೆಹಣ್ಣು ತೇಲಿಹೋಗಿ ತೆಂಕಣ ದಿಕ್ಕಿನ ಅಂಚಿಗೆ ತಾಗಿತು.

“ತೆಂಕಣಕ್ಕ ಯಾವೂರು?”

“ಇಜೇರಿ!” ಎಂದಳು ಗಂಗಾಬಾಯಿ, ಕೇಳುವುದಕ್ಕಿಂತ ಮುಂಚೆ.

ತೆಂಕಣಕ್ಕೆ ಎಮ್ಮೆಯ ಕೊಟ್ಟಿಗೆಯೂ ಇತ್ತು, ತಿಪ್ಪೆಯೂ ಇತ್ತು, ನಾಗಣ್ಣ ಬಿಟ್ಟುಬಂದ ಚಪ್ಪಲಿಯೂ ಇತ್ತು. ನಿಂಬೆವ್ವನಿಗೆ ನಗು ಬಂತು, ಅದಕ್ಕಿಂತ ಹೆಚ್ಚು ಹೇಸಿಗೆ ಬಂತು. ಮೈಮುರಿದು ಒಂದು ಗಂಟು ಹಾಕಿ ಗೊತ್ತಿಲ್ಲದ ಈ ಬಡಾಯಿಕೋರ ಒಂದು ಹುಂಜ, ಎರಡು ಸೇರು ಅಕ್ಕಿ ಕಟ್ಟಿಸಿಕೊಂಡು, “ತಂದ ವಸ್ತು ತಂದಲ್ಲಿಗೇ ಹೋಗ್ಬೇಕ್ರಿ,” ಎಂದು ಹೇಳಿ ಹಿತ್ತಲಿನಿಂದಲೇ ಹೋದ.

ಸೋಮವಾರ ಬಂಡಿ ಕಟ್ಟಿ ಹಣಮವ್ವನನ್ನು ಇಜೇರಿಗೆ ಬಿಟ್ಟುಬರುವುದೆಂದು ತೀರ್ಮಾನವಾಯಿತು. ಬಿಟ್ಟುಬರುವುದು ಎಂದರೆ ಬಿಟ್ಟೇಬಿಡುವುದು ಎಂದು ಎಲ್ಲರಿಗೂ ತಿಳಿದಿತ್ತು. ಗಂಗಾಬಾಯಿ ಆಗಲೇ ಕಿರಿಯನಿಗೆ ಬೇರೆ ಹೆಣ್ಣಿನ ಹೆಸರು ತೆಗೆದಿದ್ದಳು. ಧೋತರಕ್ಕಾಗಿ ಮನೆ ಒಡೆಯಲು ಹೊರಟಿದ್ದ ಶೂರ ಅಮೋಘಸಿದ್ದ ಈಗ ಹೆಂಡತಿಯ ಮುಂದೆ ನೆಲ ನೋಡುತ್ತ ನಿಂತ.

“ಖರೆ ಹೇಳು ಹಣಮೀ. ನೀ ಮಾಡಿಯೇನು?”

ಹಣಮವ್ವ ಅವನ ಮುಖವನ್ನೇ ನೋಡಿದಳು. “ನೀವೂ ಕೇಳಾಕತ್ತೀರಿ?” ಎಂದಳು. ಆಮೇಲೆ ಅಳುವುದನ್ನು ನಿಲ್ಲಿಸಿದಳು. ಕೊಟ್ಟಿಗೆಯಲ್ಲಿ ಸಗಣಿ ಬಾಚುತ್ತಿದ್ದ ನಿಂಬೆವ್ವನಿಗೆ ಆ ನಿಲ್ಲಿಸಿದ್ದು ಕೇಳಿಸಿತು.

ಆದಿತ್ಯವಾರ ಮಧ್ಯಾಹ್ನ ಎಲ್ಲರೂ ಉಣ್ಣಲು ಕುಳಿತಿದ್ದರು. ಪುಂಡಿಪಲ್ಯ, ರೊಟ್ಟಿ, ಖಾರಬ್ಯಾಳಿ. ನಿಂಬೆವ್ವ ಅಣ್ಣನಿಗೆ ಎರಡನೆಯ ರೊಟ್ಟಿ ಹಾಕಿ ಅಲ್ಲೇ ನಿಂತಳು.

“ಅಣ್ಣಾ, ಬಂಡಿ ಕಟ್ಟಬ್ಯಾಡ. ಆ ಗಂಟ ಹಾಕಿದಾಕಿ ನಾನು.”

ಚಂದ್ರಾಮಪ್ಪ ನಕ್ಕ. ಖಾರ ನೆತ್ತಿಗೇರಿ ಕೆಮ್ಮಿದ, ನೀರು ಕುಡಿದು ಮತ್ತೆ ನಕ್ಕ.

“ಅತ್ತಿ ಭಾನಾಮತಿ ಮಾಡ್ಯಾಳಂತ! ನಮ್ಮ ನಿಂಬತ್ತಿ!”

“ಹೋಗ ಬೇ,” ಎಂದಳು ಗಂಗಾಬಾಯಿ. “ರೊಟ್ಟಿ ಸೀಯದಂಗ ಬೇಸಾಕ ಬರಂಗಿಲ್ಲ ನಿನಗ. ಮಂತ್ರ ಕಲಿಯಾಕ ತಲಿ ಬೇಕಾಗ್ತದ.”

“ಪಾಪ, ಸೊಸಿ ಮ್ಯಾಲಿನ ಅಂತಃಕರಣಕ್ಕ ಹಿಂಗ ಅಂತಾಳ,” ಎಂದ ದೌಲತರಾಯ, ಉದಾರವಾಗಿ.

ಹೊಸ್ತಿಲಾಚೆಯಿಂದ ಹಣಮವ್ವ ಕೂಡ, “ಸಣ್ಣತ್ತಿ, ನನ್ನ ಸಲುವಾಗಿ ಸುಳ್ಳ ಹೇಳಬ್ಯಾಡ್ರಿ,” ಎಂದುಬಿಟ್ಟಳು.

ಹನ್ನೊಂದು ವರ್ಷ ಮುಚ್ಚಿಟ್ಟವಳು ತಾನೇ. ಯಾರಿಗೂ ತಿಳಿಯಬಾರದೆಂದು ಬಯಸಿದವಳೂ ತಾನೇ. ಆದರೂ ಆ ನಗು ಕೇಳಿ ನಿಂಬೆವ್ವನಿಗೆ ಮೈಯೆಲ್ಲ ಉರಿದುಹೋಯಿತು. ಒಳಗೆ ಹೋಗಿ, ಒಗೆದು ಒಣಗಿಸಿ ಮಡಿಸಿಟ್ಟಿದ್ದ ಮನೆಯ ಕೌದಿಗಳನ್ನೆಲ್ಲ ಹೊತ್ತು ತಂದು ಊಟದ ನಡುವೆ ಕೆಡವಿದಳು.

“ಚಂದ್ರಾಮ, ಇದು ನಿಂದು. ಒಳಗ ನಿನ್ನ ಹೆಂಡತಿ ಮುರಿದ ಬಳಿ ಚೂರು, ಕೆಂಪ ದಾರ. ಬಾಣಂತನಕ್ಕ ಹೋದಾಕಿ ತಿರುಗಿ ಬರ್ಲಿ ಅಂತ.” ಹಲ್ಲಿನಿಂದ ದಾರ ಕಡಿದು ಮೂಲೆ ಬಿಚ್ಚಿದಳು. ರೊಟ್ಟಿಯ ಪುಡಿಯ ಜೊತೆಗೆ ಬಳೆಯ ಚೂರು ಬಿತ್ತು. ಚಂದ್ರಾಮಪ್ಪನ ನಗು ಅಲ್ಲಿಗೆ ನಿಂತಿತು.

“ವೈನೀ, ಇದು ನಿಂದು. ಇದರಾಗ ಎಮ್ಮಿ ಬಾಲದ ಕೂದಲಾ, ನಿನ್ನ ಕೂದಲಾ ಅವ. ಹ್ವಾದ ವರ್ಷ ಎಮ್ಮಿ ಒದ್ದಿತ್ತಲ್ಲ, ನಿನ್ನ ಕೈಗಿ ಹಾಲ ಬಿಡ್ಲಿಲ್ಲಲ್ಲ? ಮುಂದ ಬಿಟ್ಟಿತೋ ಇಲ್ಲೋ?” ಗಂಟು ಬಿತ್ತು. ಎಮ್ಮೆಯ ಕೂದಲಿನ ಜೊತೆ ತನ್ನ ನರೆಗೂದಲು ಹೆಣೆದುಕೊಂಡದ್ದನ್ನು ಗಂಗಾಬಾಯಿ ಬಾಯಿ ತೆರೆದು ನೋಡಿದಳು.

ಕೊನೆಗೆ ಅಣ್ಣನ ಕೌದಿ ಎತ್ತಿಕೊಂಡಳು. “ಇದರಾಗ ಒಲಿ ಬೂದಿ, ಬಜಿ ಬೇರು. ಆಳಂದ ಸಭಾಕ್ಕ ಹೋಗೂಮುಂದ ನಿನಗ ದನಿ ಬಿದ್ದಿತ್ತು, ನಾಕ ದಿನ ಕಾಗಿಯಂಗ ಒದರಿದಿ. ನಾ ಇದನ್ನ ಕಟ್ಟಿದ ಮರುದಿನ ದನಿ ಬಂತು. ಭಾನಾಮತಿ ಸುಳ್ಳಂತ ಹೇಳಿ ಹಾರಾ ಹಾಕಿಸಿಕೊಂಡ ಬಂದಿ.”

ಬೂದಿಯ ಚಿಕ್ಕ ಗಂಟು ಅವನ ಗಂಗಾಳದ ಪಕ್ಕಕ್ಕೇ ಬಿತ್ತು. ದೌಲತರಾಯ ಅದನ್ನು ನೋಡಿದ, ಗೂಟದ ಮೇಲಿನ ಒಣದಾರವನ್ನು ನೋಡಿದ. ಊರಿಗೆ ತಿಳಿದರೆ ತನ್ನ ಗತಿ ಏನು ಎಂಬ ಲೆಕ್ಕ ಅವನ ಮುಖದ ಮೇಲೆಯೇ ಓಡಾಡಿತು. ಗಂಟಲು ಸರಿಮಾಡಿಕೊಂಡ.

“ಇಲಿ,” ಎಂದ.

“ಏನ್ರಿ?” ಎಂದಳು ಗಂಗಾಬಾಯಿ.

“ಇದು ಇಲಿ ಕೆಲಸ. ಇಲಿ ಕೂದಲಾ, ಚಿಂದಿ ಎಳಕೊಂಡ ಹೋಗಿ ಕೌದಿಯೊಳಗ ಗೂಡ ಮಾಡ್ತದ. ಯಾರೂ ಏನೂ ಮಾಡಿಲ್ಲ. ಹಣಮವ್ವನೂ ಮಾಡಿಲ್ಲ, ನಿಂಬೀನೂ ಮಾಡಿಲ್ಲ. ಫೈಸಲಾ ಆತು. ನಾಳಿ ಬಂಡಿ ಕಟ್ಟೂದು ಬ್ಯಾಡ.”

“ಅಪ್ಪಾ, ಇಲಿ ಏಳ ಗಂಟ ಹಾಕ್ತದೇನು?” ಎಂದ ಅಮೋಘಸಿದ್ದ.

“ಹಾಕ್ತದ. ಸುಮ್ನ ಉಣ್ಣು.”

ಎಲ್ಲರೂ ಉಂಡರು. ಏಳುವ ಮುಂಚೆ ದೌಲತರಾಯ ತಂಗಿಯ ಕಡೆ ನೋಡದೆ, “ಊರಾಗ ಒಂದ ಮಾತ ಹೊರಗ ಬಿತ್ತಂದ್ರ ನಿನಗ ಈ ಮನ್ಯಾಗ ರೊಟ್ಟಿಲ್ಲ,” ಎಂದ.

“ಹನ್ನೊಂದ ವರ್ಷ ಬೀಳಿಸಿಲ್ಲಲ್ಲ,” ಎಂದು ನಿಂಬೆವ್ವ ಎಂಜಲು ಬಳಿದಳು.

ಅಂದಿನಿಂದ ಅವಳ ಕೈಯ ರೊಟ್ಟಿ ಆ ಮನೆಯಲ್ಲಿ ಯಾರ ಗಂಟಲಿಗೂ ಇಳಿಯಲಿಲ್ಲ. ಇಲಿಯದೇ ಕೆಲಸ ಎಂದು ಬಾಯಲ್ಲಿ ಹೇಳುತ್ತಿದ್ದರು, ಅವಳ ನೆರಳು ಬಿದ್ದರೆ ಸರಿದು ನಿಲ್ಲುತ್ತಿದ್ದರು. ಗಂಗಾಬಾಯಿ ತಾನೇ ಒಲೆಯ ಮುಂದೆ ಕುಳಿತು, ಹಂಚಿಗೆ ಬೆರಳು ಸುಟ್ಟುಕೊಂಡು, ಸೀದ ರೊಟ್ಟಿ ಬಡಿಸತೊಡಗಿದಳು. ನಿಂಬೆವ್ವನ ಹಾಸಿಗೆ ಕೊಟ್ಟಿಗೆಗೆ ಹೋಯಿತು.

ಹಬ್ಬ ಮುಗಿದ ಮರುದಿನ ಹಣಮವ್ವ ಗಂಡನ ಎದುರು ನಿಂತಳು.

“ಬ್ಯಾರೆ ಒಲಿ ಅಂದಿದ್ರಲ್ಲ, ಹಚ್ಚತೀರೋ ಇಲ್ಲೋ? ಇಲ್ಲಂದ್ರ ನಾನ ನಡಕೋತ ಇಜೇರಿಗಿ ಹೋಗ್ತೇನಿ. ಬಂಡಿನೂ ಬ್ಯಾಡ.”

“ಅಪ್ಪ ಒಪ್ಪಂಗಿಲ್ಲ...”

“ಅಪ್ಪನ್ನ ಕೇಳಾಕತ್ತಿಲ್ಲ ನಾ. ನಿಮ್ಮನ್ನ ಕೇಳಾಕತ್ತೇನಿ.”

ಪಿಂಜಾರರ ಓಣಿಯಲ್ಲಿ, ಕುಲಸುಮಬಿಯ ಮನೆಯ ಪಕ್ಕದ ಹಳೆಯ ಮಣ್ಣಿನ ಮನೆಯಲ್ಲಿ ಎರಡನೆಯ ಒಲೆ ಉರಿಯಿತು. ಹೋಗುವ ದಿನ ಹಣಮವ್ವ ಕೊಟ್ಟಿಗೆಗೆ ಬಂದು ನಿಂಬೆವ್ವನ ಬಟ್ಟೆಯ ಗಂಟನ್ನು ತಾನೇ ಎತ್ತಿಕೊಂಡಳು. “ನಡೀರಿ ಸಣ್ಣತ್ತಿ. ನೀವು ಕಟ್ಟಿದ್ದು ನಿಲ್ಲಲಿಲ್ಲ ಖರೆ. ಆದ್ರ ನನ್ನ ಸಲುವಾಗಿ ಬಾಯಿ ಬಿಚ್ಚಿದಾಕಿ ನೀವೊಬ್ಬರ.” ಒಡೆದ ಮನೆಯಲ್ಲಿ ತನಗೆ ಒಲೆಯಿಲ್ಲ ಎಂದುಕೊಂಡಿದ್ದ ನಿಂಬೆವ್ವ ಆ ಗಂಟಿನ ಹಿಂದೆ ನಡೆದಳು.

ಒಂದು ವಾರ ಕಳೆದಿರಲಿಲ್ಲ, ಗಂಗಾಬಾಯಿ ಮೊರ ಕೇಳುವ ನೆವದಿಂದ ಬಂದಳು. ಸೆರಗಿನೊಳಗಿಂದ ಕೌದಿಯ ಮೂಲೆ ಇಣುಕುತ್ತಿತ್ತು.

“ಎಮ್ಮಿ ಮತ್ತ ಒದೀಲಾಕ ಹತ್ತ್ಯಾದ ನಿಂಬವ್ವಾ. ಒಂದೀಟ...”

“ಇಲೀನ್ನ ಕೇಳು ವೈನಿ,” ಎಂದು ನಿಂಬೆವ್ವ ಮೊರ ಕೊಟ್ಟಳು.

ಆಮೇಲೆ ಚಂದ್ರಾಮಪ್ಪ ಬಂದ, ಹೊಸ ಧೋತರ ಉಟ್ಟುಕೊಂಡು. ಹೆಂಡತಿ ಗಂಡನ ಮನೆಗೆ ಬರುವುದಿಲ್ಲವೆಂದು ಅಫಜಲಪುರದಿಂದ ಹೇಳಿಕಳಿಸಿದ್ದಳು. “ಅತ್ತೀ, ಆ ಬಳಿ ಚೂರು...”

“ಇಲಿಗಿ ಹೇಳಪ್ಪ. ಏಳ ಗಂಟ ಹಾಕ್ತದ ಅದು.”

ಕಡೆಗೆ ಬಂದವನು ದೌಲತರಾಯ. ಮಟಮಟ ಮಧ್ಯಾಹ್ನ, ಓಣಿಯಲ್ಲಿ ಯಾರೂ ಇಲ್ಲದ ಹೊತ್ತು ನೋಡಿ, ನಾಗಣ್ಣ ಅವನ ಮನೆಗೆ ಬಂದ ಹಾಗೆಯೇ ಹಿತ್ತಲ ಕಡೆಯಿಂದ ಬಂದ. ಕಂಕುಳಲ್ಲಿ ಕೌದಿ, ಕೊರಳಿಗೆ ಸುತ್ತಿದ ಅರಿವೆ. ಗುರುವಾರ ಆಳಂದದಲ್ಲಿ ಮತ್ತೆ ಸಭೆ ಇತ್ತು, ಮತ್ತೆ ಅವನದೇ ಭಾಷಣ. ದನಿ ಬಿದ್ದುಹೋಗಿತ್ತು.

“ಮೂಲಿ ಬಿಚ್ಚ್ಯಾದ,” ಎಂದು ಗೊರಗೊರ ಮಾಡಿದ. “ಹೊಲದ ಕೊಡು.”

“ಒಳಗ ಏನ ಇಡ್ಲಿ ಅಣ್ಣಾ?”

ದೌಲತರಾಯ ಬಾಗಿಲ ಕಡೆ ನೋಡಿದ. “ಮೊದಲ ಇದ್ದದ್ದು.”

“ಅದನ್ನ ಇಟ್ಟದ್ದು ಇಲಿ ಅಂದಿ.”

ಅವನಿಗೆ ಸಿಟ್ಟು ಬಂತು, ಕೂಗಲು ದನಿ ಬರಲಿಲ್ಲ. “ನಿಂಬೀ, ಹನ್ನೊಂದ ವರ್ಷ ನಿನಗೇನ ಕಡಿಮಿ ಮಾಡೇನಿ? ದಿನಾ ಎಲ್ಡ ಹೊತ್ತು ರೊಟ್ಟಿ ಹಾಕಿಲ್ಲೇನು?”

“ಹಾಕಿದಿ ಅಣ್ಣಾ,” ಎಂದಳು ನಿಂಬೆವ್ವ. “ಸುಳ್ಳ್ಯಾಕ ಹೇಳ್ಲಿ. ರೊಟ್ಟಿ ಹಾಕಿದಿ.”

ಕೌದಿಯನ್ನು ತೊಡೆಯ ಮೇಲೆ ಹರವಿಕೊಂಡಳು. ಬುಟ್ಟಿಯಿಂದ ಒಂದು ರೊಟ್ಟಿ ತೆಗೆದು, ಚೂರು ಮುರಿದು, ಅಣ್ಣನ ಕಣ್ಣೆದುರಿಗೇ ಮೂಲೆಯಲ್ಲಿಟ್ಟಳು. ಎಡಗೈಯಿಂದ ಒತ್ತೊತ್ತಾಗಿ ಹೊಲಿದು, ಹಲ್ಲಿನಿಂದ ದಾರ ಕಡಿದು, ಮಡಿಸಿ ಅವನ ಕೈಗಿಟ್ಟಳು.

“ತಗೋ. ನೀ ಕೊಟ್ಟದ್ದ ಇಟ್ಟೇನಿ.”